ಮೂರನೇ ಮಹಡಿಯ ಇಲಿ

"ಬಾಲವೇ ಇಷ್ಟುದ್ದ ಇತ್ತು, ನೀತಾ," ಎಂದು ರಂಜನಾ ಬೆರಳ ತುದಿಯಿಂದ ಮೊಣಕೈವರೆಗೆ ಅಳೆದು ತೋರಿಸಿದಳು.

ಮಾವಿನ ಹಣ್ಣು ಹೆಚ್ಚುತ್ತಿದ್ದ ಅವಳ ಗಂಡ ರಾಮನಾಥನ ಕೈ ನಿಂತಿತು. ಹೋದ ತಿಂಗಳು ಶೆಟಗೇರಿಯ ತವರಿನಲ್ಲಿ ಈ ಕಥೆ ಹೇಳಿದಾಗ ಬಾಲ ಗೇಣುದ್ದವಿತ್ತು. ಅದಕ್ಕೂ ಮೊದಲು, ಪ್ರವಾಸ ಮುಗಿಸಿ ಬಂದ ಹೊಸತರಲ್ಲಿ, ಆ ಇಲಿಗೆ ಬಾಲವೇ ಇರಲಿಲ್ಲ, ಬರೀ ವಾಸನೆಯಿತ್ತು. ಜನವರಿಯಿಂದ ಈಚೆಗೆ ಅಂಕೋಲೆಯ ನಾಲ್ಕಾರು ಮನೆಗಳ ಚಹಾ ಅವಲಕ್ಕಿಯ ಜೊತೆ ಅದು ಚೆನ್ನಾಗಿಯೇ ಮೈತುಂಬಿಕೊಂಡಿತ್ತು. ಇಲ್ಲದ ಇಲಿ ಎಷ್ಟು ಬೆಳೆದರೂ ಕೇಳುವವರು ಯಾರು?

ಪಕ್ಕದ ಮನೆಯ ನೀತಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಾಕ್ಷಿ ಹೇಳುವುದಕ್ಕೆ ಪರಮೇಶ್ವರಿ ಅಲ್ಲೇ ಕೂತಿದ್ದರು. ಅವರು ಗಂಡ ಮಧುಕೇಶ್ವರರ ಜೊತೆ ಪ್ರತಿ ಮೇ ತಿಂಗಳು ಕಾರವಾರದಿಂದ ಕಾರು ಮಾಡಿಕೊಂಡು ಕರಿ ಇಶಾಡ ಮಾವಿನ ಹಣ್ಣು ಒಯ್ಯಲು ಬರುವುದು ರೂಢಿ. ಅವರಿಗೆಂದು ಆರಿಸಿಟ್ಟ ಹಣ್ಣಿನ ಬುಟ್ಟಿ ಜಗಲಿಯ ಮೂಲೆಯಲ್ಲಿತ್ತು. "ಮೂಗು ಮುಚ್ಚಿಕೊಂಡು ಹೊರಗೆ ಓಡಿದ್ದು ನಾನೇ," ಎಂದು ಪರಮೇಶ್ವರಿ ತಮ್ಮ ಪಾಲಿನ ಮಾತು ಸೇರಿಸಿದರು. ನೀತಾ ಇನ್ನಷ್ಟು ನಕ್ಕು, ಒಲೆಯ ಮೇಲೆ ಸಾರು ಬಿಟ್ಟು ಬಂದಿದ್ದೇನೆಂದು ಎದ್ದು ಹೋದಳು. ರಾಮನಾಥ ತಟ್ಟೆಯಿಂದ ತಲೆ ಎತ್ತಲಿಲ್ಲ.

ರಂಜನಾಳದೂ ಪರಮೇಶ್ವರಿಯದೂ ಮೂವತ್ತು ವರ್ಷದ ಗೆಳೆತನ. ಮಲ್ಲಾಪುರದ ಅಣುಸ್ಥಾವರದ ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆ, ಒಂದೇ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಪರಮೇಶ್ವರಿ ಘಟ್ಟದ ಮೇಲಿನ ಹವ್ಯಕರು, ಮೀನು ಮುಟ್ಟದವರು. ರಂಜನಾ ಮೀನಿಲ್ಲದ ಊಟವನ್ನು ಉಪವಾಸವೆಂದೇ ಲೆಕ್ಕ ಹಿಡಿಯುವ ಅಂಕೋಲೆಯ ಮನೆತನದವಳು. ಪರಮಕ್ಕ ಬರುತ್ತಾರೆಂದರೆ ಎರಡು ದಿನ ಮೊದಲೇ ಮನೆಯಲ್ಲಿ ಮೀನು ನಿಲ್ಲುತ್ತಿತ್ತು. ಪಾತ್ರೆಗಳಿಗೆ ಹುಣಸೆಹಣ್ಣಿನ ಸ್ನಾನ, ಅಡುಗೆಮನೆಗೆ ಊದುಬತ್ತಿ. ಈ ಮೂವತ್ತು ವರ್ಷದಲ್ಲಿ ಪರಮಕ್ಕನ ಮೂಗಿಗೆ ತನ್ನ ಮನೆಯ ಮೀನು ಒಂದು ಸಲವೂ ತಾಗಿಲ್ಲವೆಂಬುದು ಅವಳ ಹೆಮ್ಮೆ.

ಆ ಹೆಮ್ಮೆಯಿಂದಲೇ ರಂಜನಾ ಗಂಡನನ್ನು ಕರೆದುಕೊಂಡು ಪರಮಕ್ಕನ ಜೊತೆ ಪ್ರವಾಸಕ್ಕೆ ಸೇರಿದ್ದು. ಕಾರವಾರದ ಕಿಶೋರ ಎಂಬವನು ವರ್ಷಕ್ಕೊಮ್ಮೆ ಇಪ್ಪತ್ತು ಜನರನ್ನು ಕಟ್ಟಿಕೊಂಡು ಹೊರದೇಶಕ್ಕೆ ಹೋಗುತ್ತಾನೆ. ಜೊತೆಗೆ ಅಡುಗೆಯವರು, ಅಕ್ಕಿ, ಸಾರಿನ ಪುಡಿ, ಹಪ್ಪಳ ಎಲ್ಲ. ಶುದ್ಧ ಸಸ್ಯಾಹಾರ, ಯಾರೂ ಮೀನು ಮಾಂಸ ತರುವಂತಿಲ್ಲ ಎಂದು ಕರಪತ್ರದಲ್ಲಿ ದಪ್ಪಕ್ಷರದಲ್ಲಿತ್ತು. ಬಂದವರೆಲ್ಲ ಹೆಚ್ಚಾಗಿ ಪರಮೇಶ್ವರಿಯ ಕಡೆಯವರೇ. ರಾಮನಾಥ ನಾಯಕರು ಎಂಟು ದಿನ ಮೀನು ಬಿಟ್ಟು ಇರುತ್ತಾರಾ ಎಂದು ಯಾರೋ ತಮಾಷೆ ಮಾಡಿದಾಗ ರಂಜನಾ, ನಮ್ಮನೆಯವರ ಜವಾಬ್ದಾರಿ ನನ್ನದು ಎಂದು ಎಲ್ಲರೆದುರು ಮಾತು ಕೊಟ್ಟಿದ್ದಳು.

ರಾಮನಾಥನಿಗೆ ಆ ಮಾತು ಕಿವಿಗೆ ಬಿದ್ದಿತ್ತು. ಆದರೂ ಹೊರಡುವ ಹಿಂದಿನ ಸಂಜೆ ಬೇಲೆಕೇರಿಗೆ ಹೋಗಿ, ಹಳೆಯ ಗೆಳೆಯ ಮಾಸ್ತಿಯ ಮನೆಯಲ್ಲಿ, ಅಂಕೋಲೆಯವರು ಶೆಟ್ಲಿ ಎನ್ನುವ ಒಣಸಿಗಡಿ ಹುರಿಸಿ, ಉಪ್ಪು ಖಾರ ಸವರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬಂದ. ಅದನ್ನೊಂದು ಹಳೆಯ ಕಾಲುಚೀಲದೊಳಗೆ ತುರುಕಿದ. ಅರವತ್ತೆರಡು ವರ್ಷದ ಮನುಷ್ಯ, ಅಣುಸ್ಥಾವರದಲ್ಲಿ ಮೂವತ್ತು ವರ್ಷ ಒಂದೂ ನಿಯಮ ಮುರಿಯದೆ ಪಾಳಿ ಮಾಡಿದವನು, ಹೆಂಡತಿಯ ಕಣ್ಣು ತಪ್ಪಿಸಿ ಸಿಗಡಿ ಸಾಗಿಸುವಾಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು.

ಹೋಟೆಲು ಕಳಪೆಯಾಗಿತ್ತು ಎಂಬುದರಲ್ಲಿ ಸುಳ್ಳೇನಿಲ್ಲ. ಬೆಳಗಾದರೆ ಕಡಲು ನೋಡುವ ಊರಿನವರು ವಿಮಾನ ಹತ್ತಿ ಮಲೇಷ್ಯಾದ ಪೆನಾಂಗಿಗೆ ಹೋಗಿದ್ದು ಇನ್ನೊಂದು ಕಡಲು ನೋಡುವುದಕ್ಕೆ. ಕೋಣೆಯಿಂದಲೇ ಕಡಲು ಕಾಣುತ್ತದೆಂದು ಕರಪತ್ರದಲ್ಲಿತ್ತು. ಕಿಟಕಿಗೆ ಕೆನ್ನೆ ಒತ್ತಿ ನಿಂತರೆ ಎರಡು ಕಟ್ಟಡಗಳ ಸಂದಿಯಲ್ಲಿ ಒಂದು ಅಂಗೈಯಷ್ಟು ಕಂಡಿತು. ಇವರ ಕೋಣೆ ಮೂರನೇ ಮಹಡಿಯಲ್ಲಿ; ಲಿಫ್ಟು ಎರಡನೇ ಮಹಡಿಗೆ ಬಂದು ಯೋಚಿಸುತ್ತ ನಿಲ್ಲುತ್ತಿತ್ತು. ಈಜುಕೊಳದ ನೀರು ಹಸಿರಾಗಿತ್ತು. ಎಸಿ ತಂಪಿಗಿಂತ ನೀರನ್ನೇ ಹೆಚ್ಚು ಕೊಡುತ್ತಿತ್ತು; ಅದು ಗೋಡೆಗುಂಟ ಇಳಿದು ಬಟ್ಟೆಯ ಕಪಾಟಿನ ಹಿಂಬದಿಯನ್ನು ನೆನೆಸಿತ್ತು. ಅದೇ ಕಪಾಟಿನ ಮೇಲಿನ ಅರೆಯಲ್ಲಿ ರಾಮನಾಥ ತನ್ನ ಕಾಲುಚೀಲ ಇಟ್ಟಿದ್ದ.

ಎರಡನೇ ದಿನ ಬೆಳಿಗ್ಗೆ ಎಲ್ಲರೂ ಕೆಳಗೆ ಉಪ್ಪಿಟ್ಟು ತಿನ್ನುವಾಗ, ಬಿಪಿ ಮಾತ್ರೆ ಮರೆತೆನೆಂದು ಅವನು ಮೇಲೆ ಬಂದ. ಕಪಾಟಿನ ಬಾಗಿಲ ಮರೆಯಲ್ಲಿ ನಿಂತು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಿದ್ದಾನೆ, ಹಿಂದಿನಿಂದ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು.

"ಕರುವಾಡಾ, ಅಣ್ಣೆ?"

ಕೋಣೆ ಗುಡಿಸಲು ಬಂದವಳು. ಐವತ್ತರ ಆಸುಪಾಸು, ಹಣೆಯಲ್ಲಿ ಸಣ್ಣ ವಿಭೂತಿ. ಮಲ್ಲಾಪುರದಲ್ಲಿ ತಮಿಳರ ಜೊತೆ ಪಾಳಿ ಮಾಡಿ ಮಾಡಿ ರಾಮನಾಥನಿಗೆ ಹರಕುಮುರುಕು ತಮಿಳು ಬರುತ್ತಿತ್ತು; ಕರುವಾಡು ಎಂದರೆ ಒಣಮೀನು ಎಂಬುದಂತೂ ಚೆನ್ನಾಗಿ ಗೊತ್ತಿತ್ತು. ಸಿಕ್ಕಿಬಿದ್ದ ನಾಚಿಕೆಗೆ ಅವನೂ ನಕ್ಕ. ಆಕೆಯ ಹೆಸರು ನಾಗಮ್ಮ. ಅಜ್ಜಿ ರಬ್ಬರ್ ತೋಟಕ್ಕೆ ಕೂಲಿಗೆ ಬಂದವಳು, ತಾನು ಇಂಡಿಯಾ ನೋಡಿಯೇ ಇಲ್ಲ ಎಂದಳು. ಅವನು ಒಂದು ಮುಷ್ಟಿ ಸಿಗಡಿಯನ್ನು ಕಾಗದದಲ್ಲಿ ಕಟ್ಟಿ ಕೊಟ್ಟ. ಅತಿಥಿಗಳಿಂದ ಏನನ್ನೂ ತೆಗೆದುಕೊಳ್ಳಬಾರದು, ಹೇಳಬೇಡಿ ಎಂದಳು. ನೀನೂ ಹೇಳಬೇಡ ಎಂದ ಅವನು. ಹೋಗುವ ಮುಂಚೆ ಕಪಾಟಿನ ಹಿಂಬದಿಯ ಒದ್ದೆಯನ್ನು ತೋರಿಸಿ, ಚೀಲ ಇಲ್ಲಿಂದ ತೆಗೆದು ಡಬ್ಬಿಯಲ್ಲಿಡಿ ಎಂದು ಎರಡು ಸಲ ಹೇಳಿದಳು. ಅವನು ಇಡಲಿಲ್ಲ, ಚೀಲದ ಬಾಯನ್ನೂ ಕಟ್ಟಲಿಲ್ಲ. ಕೆಳಗೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

ಅವತ್ತು ಊರೆಲ್ಲ ಸುತ್ತಿ ಸಂಜೆ ಬಂದು ಬಾಗಿಲು ತೆರೆದರೆ ಒಳಗೆ ಕಾಲಿಡುವ ಹಾಗಿರಲಿಲ್ಲ. ನೆನೆದ ಸಿಗಡಿ ಮುಚ್ಚಿದ ಕೋಣೆಯ ಸೆಕೆಯಲ್ಲಿ ಇಡೀ ದಿನ ಕೊಳೆತಿತ್ತು. ರಂಜನಾಳ ಹಿಂದೆಯೇ ಒಳಗೆ ಬಂದ ಪರಮೇಶ್ವರಿ ಸೆರಗಿನಿಂದ ಮೂಗು ಮುಚ್ಚಿ ಹೊರಗೋಡಿದರು. ಏನಾಯಿತು ಎಂದು ಅಕ್ಕಪಕ್ಕದ ಕೋಣೆಯವರೂ ಬಂದರು. ಅಷ್ಟರಲ್ಲಿ ರಂಜನಾ, ಇಲಿ, ಇಲಿ ಸತ್ತಿದೆ, ಎಂಥ ಹೊಲಸು ಹೋಟೆಲು ಇದು ಎಂದು ದನಿಯೆತ್ತಿದಳು. ಕಿಶೋರ ಮ್ಯಾನೇಜರನನ್ನು ಕರೆತಂದ. ಮ್ಯಾನೇಜರ ನಾಗಮ್ಮನನ್ನು ಕರೆಸಿದ.

ಅವಳು ಕಪಾಟಿನ ಮೇಲಿನ ಅರೆಗೆ ಕೈ ಹಾಕಿದಳು. ಕೈಗೆ ಸಿಕ್ಕಿದ್ದೇನೆಂದು ಅವಳಿಗೆ ಗೊತ್ತಾಯಿತು. ಹಿಂದೆ ಹತ್ತು ಜನ ನಿಂತಿದ್ದರು. ಅವಳು ಯಾರಿಗೂ ಕಾಣದಂತೆ ಅದನ್ನು ನೆಲ ಒರೆಸುವ ಬಟ್ಟೆಯಲ್ಲಿ ಸುತ್ತಿ, ಕಸದ ಚೀಲಕ್ಕೆ ಹಾಕಿ, ಗಂಟು ಬಿಗಿದಳು. ಮ್ಯಾನೇಜರ ಏನೇನೋ ಕೇಳಿದ, ಬೈದ. ಅವಳು ಉತ್ತರ ಕೊಡಲಿಲ್ಲ. ಚೀಲ ಹಿಡಿದು ಹೊರಗೆ ಹೋಗುವಾಗ ರಾಮನಾಥನನ್ನು ಒಂದು ಸಲ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವನು ಏನಾದರೂ ಹೇಳುತ್ತಾನೆಂದು ಕಾದ ಹಾಗಿತ್ತು. ಅವನು ಕಿಟಕಿಯ ಕಡೆ ತಿರುಗಿ, ಸಂದಿಯಲ್ಲಿ ಕಾಣುವ ಅಂಗೈಯಗಲದ ಕಡಲು ನೋಡುತ್ತ ನಿಂತ.

ಮರುದಿನ ಬೇರೆ ಹೆಂಗಸು ಬಂದಳು. ಕೋಣೆ ಸ್ವಚ್ಛವಿಟ್ಟಿಲ್ಲವೆಂದು ಆ ಹೆಂಗಸನ್ನು ಕೆಲಸದಿಂದ ತೆಗೆದುಹಾಕಿದರು ಎಂದು ಕಿಶೋರ ಬಸ್ಸಿನಲ್ಲಿ ಎಲ್ಲರಿಗೂ ಹೇಳಿದ. ಒಂದಿಬ್ಬರು ಚಪ್ಪಾಳೆ ತಟ್ಟಿದರು. ಹೋಟೆಲಿನವರು ಕ್ಷಮೆ ಕೇಳಿ ರಂಜನಾಳಿಗೆ ಎರಡು ದಪ್ಪ ಬಿಳಿ ಟವೆಲು ಕೊಟ್ಟರು, ಅಂಚಿನಲ್ಲಿ ನೀಲಿ ದಾರದಲ್ಲಿ ಹೋಟೆಲಿನ ಹೆಸರು. ಅವು ಈಗ ಈ ಮನೆಯಲ್ಲಿ ನೆಂಟರು ಬಂದಾಗ ಕೈಯೊರೆಸಲು ಹೊರಬರುತ್ತವೆ. ರಾಮನಾಥ ಅವನ್ನು ಮುಟ್ಟುವುದಿಲ್ಲ. ಒಣಸಿಗಡಿಯನ್ನೂ ಮುಟ್ಟುವುದಿಲ್ಲ; ಬಿಪಿಗೆ ಉಪ್ಪು ಆಗುವುದಿಲ್ಲವೆಂದು ನೆಪ ಹೇಳಿದ್ದಾನೆ. ಮಳೆಗಾಲಕ್ಕೆಂದು ಮೇ ತಿಂಗಳಲ್ಲಿ ಊರೆಲ್ಲ ಒಣಮೀನು ಕೂಡಿಡುವಾಗ ಈ ಸಲ ರಂಜನಾಳೂ ತಂದಿರಲಿಲ್ಲ. ಯಾಕೆ ಬಿಟ್ಟಿರೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ.

ಮಾವಿನ ತಟ್ಟೆಯ ಪಕ್ಕದಲ್ಲಿ ಮೊಬೈಲು ರಿಂಗಾಯಿತು. ರಾಮನಾಥನ ಎರಡೂ ಕೈ ಮೊಣಕೈತನಕ ರಸ. ರಂಜನಾ ಹೆಸರು ನೋಡಿ, ಕಿಶೋರ ಎಂದು, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು.

"ಸರ್, ಒಂದು ಸಣ್ಣ ಕೆಲ್ಸ ಇತ್ತು," ಎಂದ ಕಿಶೋರ. "ಆ ಪೆನಾಂಗಿನ ಹೋಟೆಲಿನವ್ರದ್ದು ಮೇಲ್ ಬಂದದೆ. ಕೆಲ್ಸದಿಂದ ತೆಗೆದ್ರಲ್ಲ, ಆ ಹೆಂಗಸು ಅಲ್ಲಿ ಕಾರ್ಮಿಕರ ಆಫೀಸಿಗೆ ದೂರು ಕೊಟ್ಟಾಳಂತೆ. ಸಿಕ್ಕಿದ್ದು ಇಲಿ ಅಲ್ಲ ಅಂತಾಳಂತೆ. ಮತ್ತೆಂತದು ಅಂತ ಕೇಳಿದ್ರೆ ಬಾಯಿ ಬಿಡೂದಿಲ್ಲಂತೆ. ಆ ರೂಮಿನ ಅಣ್ಣನ್ನೇ ಕೇಳಿ, ಅವ್ರು ಏನು ಹೇಳ್ತಾರೋ ಅದೇ ಸರಿ ಅಂತ ಒಂದೇ ಮಾತಂತೆ."

ಆಮೇಲೆ ಅವನು ಮಾಡಬೇಕಾದ್ದು ಹೇಳಿದ. ಕೋಣೆಯಲ್ಲಿ ಸತ್ತ ಇಲಿ ಸಿಕ್ಕಿದ್ದು ಹೌದೆಂದು ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಆ ಕೋಣೆಯಲ್ಲಿದ್ದ ಇಬ್ಬರೂ ಸಹಿ ಮಾಡಿ, ಫೋಟೋ ತೆಗೆದು ಕಳಿಸಿದರೆ ಸಾಕು. ನಾಳೆ ಮಧ್ಯಾಹ್ನದೊಳಗೆ ಬೇಕು. ಕಾಗದ ಹೋಗದಿದ್ದರೆ ಅವಳನ್ನು ತಿರುಗಿ ಕೆಲಸಕ್ಕೆ ತೆಗೆದುಕೊಳ್ಳಬೇಕಾಗುತ್ತದೋ ಏನೋ ಎಂದು ಹೋಟೆಲಿನವರಿಗೆ ತಲೆಬಿಸಿಯಂತೆ. ಮುಂದಿನ ಸಲವೂ ಅಲ್ಲೇ ಇಳಿಯುವುದಾದ್ದರಿಂದ ಸಂಬಂಧ ಕೆಡಿಸಿಕೊಳ್ಳುವುದು ಬೇಡ ಎಂದು ಹೇಳಿ ಕಿಶೋರ ಫೋನಿಟ್ಟ.

"ಬರ್ದು ಕೊಡಿ, ರಾಮನಾಥಣ್ಣ," ಎಂದರು ಪರಮೇಶ್ವರಿ. "ನಾವೆಲ್ಲ ನೋಡಿದ್ದೇ ಅಲ್ದಾ?"

ರಂಜನಾ ಆಗಲೇ ಎದ್ದು ಕಾಗದ ಪೆನ್ನು ತಂದು ಮೇಜಿನ ಮೇಲಿಟ್ಟಿದ್ದಳು. ರಾಮನಾಥ ಕೈ ತೊಳೆದು ಬರುತ್ತೇನೆಂದು ಒಳಗೆ ಹೋದ. ಅಡುಗೆಮನೆಯ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತ. ರಸ ಹೋದಮೇಲೂ ತೊಳೆಯುತ್ತಲೇ ಇದ್ದ. ಆ ರೂಮಿನ ಅಣ್ಣ. ನಾಲ್ಕು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿ ಕೂತ ಹೆಂಗಸು ಈಗಲೂ ಅವನ ಗುಟ್ಟನ್ನು ಅವನ ಕೈಗೇ ಬಿಟ್ಟಿದ್ದಾಳೆ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹಿಂದೆ ರಂಜನಾ ಬಂದು ನಿಂತದ್ದು ಗೊತ್ತಾಗಿ, ತಿರುಗದೆಯೇ ಹೇಳಿದ.

"ಅದು ಇಲಿ ಅಲ್ಲ, ರಂಜನಾ. ನಾನು..."

"ಗುತ್ತು," ಎಂದಳು ಅವಳು, ಹೊರಗೆ ಕೇಳಿಸದಷ್ಟು ಮೆಲ್ಲಗೆ. "ಅಂಕೋಲೆಲಿ ಹುಟ್ಟಿದವಳು ನಾನು. ಒಣ ಶೆಟ್ಲಿ ವಾಸ್ನೆ ನಂಗೆ ಗುತ್ತಾಗೂದಿಲ್ವಾ?"

ಅವನು ನಲ್ಲಿ ನಿಲ್ಲಿಸಿದ. ಬಾಗಿಲು ತೆಗೆಯುತ್ತಲೇ ತನಗೆ ತಿಳಿದಿತ್ತು ಎಂದಳು ರಂಜನಾ. ಹಿಂದೆ ಪರಮಕ್ಕ ಇದ್ದರು, ಎಲ್ಲರೆದುರು ಮಾತು ಕೊಟ್ಟವಳು ತಾನು. ಬಾಯಿಗೆ ಬಂದದ್ದು ಇಲಿ. ಕೆಲಸದಿಂದ ತೆಗೆಯುತ್ತಾರೆಂದು ತಾನೇನು ಕನಸು ಕಂಡಿದ್ದಳಾ? ಆಮೇಲೆ ಹೇಳುವುದಕ್ಕೆ ಬಾಯಿ ಬರಲಿಲ್ಲ. ಅದನ್ನೇ ನಗುತ್ತ ಹತ್ತು ಮನೆಯಲ್ಲಿ ಹೇಳಿದರೆ ತನಗಾದರೂ ನಿಜವೆನಿಸೀತು ಎಂದುಕೊಂಡಿದ್ದಳು. ಹೇಳುತ್ತ ಅವಳ ಮುಖ ಸಣ್ಣದಾಯಿತು. ಕೊನೆಗೆ, "ಎರಡು ಸಾಲು ಬರ್ದು ಮುಗಿಸಿಬಿಡಿ. ಪರಮಕ್ಕನೆದುರು ನನ್ನ ಮಾನ ತೆಗೀಬೇಡಿ," ಎಂದಳು. ಅವಳು ಹಿಂದೆಂದಾದರೂ ಅವನಲ್ಲಿ ಹಾಗೆ ಬೇಡಿದ್ದು ಅವನಿಗೆ ನೆನಪಿಲ್ಲ.

ರಾಮನಾಥ ಹೊರಗೆ ಬಂದು ಕೂತ. ಮಧುಕೇಶ್ವರರು ಕನ್ನಡಕ ಏರಿಸಿಕೊಂಡು, ಇಂಗ್ಲಿಷ್ ತಿದ್ದಬೇಕಾದರೆ ತಾನಿದ್ದೇನೆ ಎಂದರು. ಬರೆಯುವುದಕ್ಕೆ ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಬರೆದು, ಸಹಿ ಮಾಡಿ, ಕಾಗದವನ್ನು ಅವರ ಕಡೆ ತಿರುಗಿಸಿದ. ಮಧುಕೇಶ್ವರರು ದೊಡ್ಡದಾಗಿ ಓದಲು ಶುರುಮಾಡಿ, ಎರಡನೇ ಸಾಲಿಗೆ ದನಿ ತಗ್ಗಿಸಿ, ಆಮೇಲೆ ಮನಸ್ಸಿನಲ್ಲೇ ಓದಿ, ಹೆಂಡತಿಯನ್ನು ನೋಡಿದರು. ಕೋಣೆಯಲ್ಲಿ ಸಿಕ್ಕಿದ್ದು ಇಲಿಯಲ್ಲ, ತಾನು ಊರಿನಿಂದ ಅಡಗಿಸಿ ಒಯ್ದ ಒಣಸಿಗಡಿ ಎಂದು ಅವನು ಬರೆದಿದ್ದ. ಎಸಿಯ ನೀರು ಬೀಳುತ್ತದೆ, ಡಬ್ಬಿಯಲ್ಲಿಡಿ ಎಂದು ನಾಗಮ್ಮ ಮೊದಲೇ ಹೇಳಿದ್ದಳು. ಆಕೆಯದು ಯಾವ ತಪ್ಪೂ ಇಲ್ಲ. ನನ್ನ ಮಾನ ಉಳಿಸಲು ಆಕೆ ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ.

ರಂಜನಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಪರಮೇಶ್ವರಿ ಕಾಗದವನ್ನು ತಾವೂ ತೆಗೆದುಕೊಂಡು ಓದಿದರು. ಅವರು ಬೈದಿದ್ದರೆ ರಾಮನಾಥನಿಗೆ ಹಗುರಾಗುತ್ತಿತ್ತು.

"ಆ ಹೆಂಗಸಿನ ಹೆಸರು ನಾಗಮ್ಮನಾ," ಎಂದರು ಅವರು. "ನಾವ್ಯಾರೂ ಕೇಳ್ಲೇ ಇಲ್ಲ." ಆಮೇಲೆ ರಂಜನಾಳ ಕಡೆ ನೋಡಿ, "ಮೂವತ್ತು ವರ್ಷ ನಾನು ಬಂದಾಗೆಲ್ಲ ಪಾತ್ರೆ ಬೆಳಗಿಟ್ಟೆ ನೀನು. ಮೀನು ಬೇಯಿಸ್ಬೇಡ ಅಂತ ನಾನು ಯಾವತ್ತಾದ್ರೂ ಹೇಳಿದ್ನೇನೇ? ವಾಸ್ನೆ ಬಂದ್ರೆ ಜಗಲಿ ಮೇಲೆ ಕೂತ್ಕಳ್ತಿದ್ದೆ. ಅಷ್ಟೂ ಸಲಿಗೆ ಇರ್ಲಿಲ್ಲ ನಿಂಗೆ ನನ್ನ ಹತ್ರ," ಎಂದರು.

ಊಟಕ್ಕೆಂದು ಬಂದವರು ಬಿಸಿಲು ಏರುವ ಮುಂಚೆ ಹೊರಡುತ್ತೇವೆಂದು ಎದ್ದರು. ಪರಮೇಶ್ವರಿ ಕೈ ತೊಳೆದು ಅಲ್ಲಿ ತೂಗುಹಾಕಿದ್ದ ಬಿಳಿ ಟವೆಲಿನಲ್ಲಿ ಒರೆಸಿಕೊಳ್ಳಲು ಹೋಗಿ, ಅಂಚಿನ ನೀಲಿ ಅಕ್ಷರ ನೋಡಿ, ತಮ್ಮ ಸೆರಗಿನಲ್ಲೇ ಒರೆಸಿಕೊಂಡರು. ಕಾರು ಗೇಟು ದಾಟಿದಮೇಲೆ ನೋಡಿದರೆ ಹಣ್ಣಿನ ಬುಟ್ಟಿ ಜಗಲಿಯಲ್ಲೇ ಉಳಿದಿತ್ತು. ಮರೆತರೋ ಬಿಟ್ಟರೋ ಇಬ್ಬರಿಗೂ ಗೊತ್ತಾಗಲಿಲ್ಲ.

ಆಮೇಲೆ ಆ ದಿನವಿಡೀ ಕಾಗದ ಮೇಜಿನ ಮೇಲೆಯೇ ಇತ್ತು. ಕೋಣೆಯಲ್ಲಿದ್ದ ಇಬ್ಬರೂ ಸಹಿ ಮಾಡಬೇಕು; ಅವನದೊಂದೇ ಹೋದರೆ ಅಲ್ಲಿಯವರು ಒಪ್ಪುವುದಿಲ್ಲ. ರಂಜನಾ ಮೇಜು ಒರೆಸುವಾಗ ಕಾಗದವನ್ನು ಎತ್ತಿ, ಒರೆಸಿ, ಮತ್ತೆ ಅಲ್ಲಿಯೇ ಇಟ್ಟಳು. ಸಹಿ ಮಾಡು ಎಂದು ರಾಮನಾಥ ಕೇಳಲಿಲ್ಲ. ಅವಳ ಮೂವತ್ತು ವರ್ಷವನ್ನು ಅವಳನ್ನು ಕೇಳದೆ ಮುರಿದವನು ಅವನು. ಇನ್ನು ಯಾವ ಮುಖದಿಂದ ಕೇಳುವುದು? ಬರೆದದ್ದು ಸರಿ ಎಂದು ಗೊತ್ತಿದ್ದರೂ ಅವನ ಎದೆಯ ಭಾರ ಇಳಿದಿರಲಿಲ್ಲ. ಅದರ ಮೇಲೆ ಇನ್ನೊಂದು ಬಂದು ಕೂತಿತ್ತು.

ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಅವಳು ಮನೆಯಲ್ಲಿರಲಿಲ್ಲ. ಚಹಾ ಸೋಸಿ ಮುಚ್ಚಿಟ್ಟಿದ್ದಳು. ಲೋಟ ಹಿಡಿದು ಜಗಲಿಗೆ ಬಂದರೆ ಅಲ್ಲೆಲ್ಲ ಹಣ್ಣಾದ ಇಶಾಡದ ಘಮ. ತಂಪಿನಲ್ಲಿ ಪೇಟೆಗೆ ಹೋಗಿರಬೇಕೆಂದುಕೊಂಡು ಅವನು ಮೇಜಿನ ಹತ್ತಿರ ಬಂದ. ಕಾಗದದ ಮೇಲೆ ಅವಳ ಕನ್ನಡಕದ ಡಬ್ಬಿ ಇತ್ತು. ಎತ್ತಿ ನೋಡಿದ. ಅವನ ಸಹಿಯ ಕೆಳಗೆ, ಕಪ್ಪುಹಲಗೆಯ ಮೇಲೆ ಬರೆದು ಪಳಗಿದ ಗುಂಡನೆಯ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಸಾಲು ಸೇರಿತ್ತು: ಇಲಿ ಎಂದು ಮೊದಲು ಹೇಳಿದವಳು ನಾನು. ಅದರ ಕೆಳಗೆ ಅವಳ ಹೆಸರು, ಪೂರ್ತಿಯಾಗಿ.

ರಾಮನಾಥ ಅದನ್ನು ಎರಡು ಸಲ ಓದಿದ. ಫೋಟೋ ತೆಗೆದರೆ ಮೊದಲನೆಯದು ಮಸುಕಾಯಿತು. ಎರಡನೆಯದನ್ನು ಕಿಶೋರನಿಗೆ ಕಳಿಸಿ, ಹೋಯಿತೆಂಬ ಗುರುತು ಬೀಳುವತನಕ ನೋಡುತ್ತ ನಿಂತ. ನಾಗಮ್ಮನಿಗೆ ಕೆಲಸ ತಿರುಗಿ ಸಿಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳಂತೂ ತಿರುಗಿ ಸಿಗುವುದಿಲ್ಲ.

ಹಿತ್ತಿಲ ಗೇಟಿನ ಸದ್ದಾಯಿತು. ರಂಜನಾ ಮೀನುಪೇಟೆಯಿಂದ ಬಂದಿದ್ದಳು, ಕೈಯಲ್ಲಿ ಭಾರದ ಚೀಲ. ಒಳಗೆ ಹೋಗಿ ಹೋಟೆಲಿನ ಎರಡೂ ಟವೆಲು ತಂದು, ಬಿಸಿಲು ಬಿದ್ದ ಅಂಗಳದಲ್ಲಿ ಒಂದರ ಪಕ್ಕ ಒಂದು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟಳು. ಚೀಲದಿಂದ ಅರೆಬರೆ ಒಣಗಿದ ಸಿಗಡಿಯನ್ನು ಸುರಿದು ಅಂಗೈಯಿಂದ ಹರಡತೊಡಗಿದಳು. ಉಪ್ಪಿನ ವಾಸನೆ ಮೆಲ್ಲಗೆ ಎದ್ದು ಬಾಗಿಲತನಕ ಬಂತು.

"ಕಾಗೆ ಬರ್ತದೆ," ಎಂದಳು ಅವಳು, ತಲೆ ಎತ್ತದೆ. "ಅಲ್ಲೇ ಕೂತ್ಕಳಿ."

ರಾಮನಾಥ ಮಾವು ಕೊಯ್ಯುವ ದೋಟಿಯ ಕೋಲು ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತ. ಅವಳು ಹರಡುತ್ತ ಹರಡುತ್ತ ಅಂಚಿನವರೆಗೆ ಬಂದಳು. ನೀಲಿ ದಾರದ ಅಕ್ಷರಗಳು ಒಂದೊಂದಾಗಿ ಸಿಗಡಿಯ ಕೆಳಗೆ ಮುಚ್ಚಿಹೋದವು.